ಎಲ್‌ಪಿಯೋ, ಡಿಜಿಟಲ್ಲೋ? ಮನೆಯಲ್ಲೇ ಕೂತು ನ್ಯಾಯವಾಗಿ ಹೋಲಿಸುವುದು ಹೇಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತದ ಹುಚ್ಚಿರುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. "ಪ್ಲೇಟ್‌ನ್ಯಾಗ ಕೇಳೂ ಮಜಾನ ಬ್ಯಾರೆ ಬಿಡ್ರಿ" ಅಂತ ಒಬ್ಬರು. "ಫೋನ್‌ನ್ಯಾಗ ಕರಕರ ಇಲ್ಲ, ಎದ್ದು ಸೈಡ್ ತಿರುವೂ ಕೆಲಸಾನೂ ಇಲ್ಲ" ಅಂತ ಇನ್ನೊಬ್ಬರು. ಚಹಾ ಮುಗಿಯುವ ತನಕ ವಾದ. ಆದರೆ ಎದ್ದು ಹೋಗಿ ಹೋಲಿಸಿ ನೋಡುವವರು ಕಡಿಮೆ.

ನೋಡಿದರೂ ಹೇಗೆ ನೋಡುತ್ತಾರೆ? ಹಾಲ್‌ನ ದೊಡ್ಡ ಸ್ಪೀಕರ್‌ನಲ್ಲಿ ಎಲ್‌ಪಿ, ಅಂದರೆ ಗೀರು ಕೊರೆದ ದೊಡ್ಡ ಪ್ಲೇಟು, ಹಾಕುತ್ತಾರೆ. ಆಮೇಲೆ ಅದೇ ರಾಗವನ್ನು ಫೋನ್‌ನಿಂದ ಒಂದು ಸಣ್ಣ ಬ್ಲೂಟೂತ್ ಡಬ್ಬಿಯಲ್ಲಿ ಹಚ್ಚುತ್ತಾರೆ. ಸ್ಪೀಕರ್ ಬೇರೆ, ದನಿಯ ಜೋರು ಬೇರೆ, ಎಷ್ಟೋ ಸಲ ಕಛೇರಿಯೇ ಬೇರೆ. ಇಷ್ಟೆಲ್ಲ ಬೇರೆ ಇದ್ದ ಮೇಲೆ ಅನಲಾಗ್-ಡಿಜಿಟಲ್ (ಗೀರಿನಲ್ಲಿ ಕೂತ ದನಿ, ಅಂಕಿಯಾಗಿ ಬರೆದ ದನಿ) ಅನ್ನುವ ಒಂದೇ ವ್ಯತ್ಯಾಸಕ್ಕೆ ಎಲ್ಲವನ್ನೂ ಕಟ್ಟುವುದು ಸರಿಯಲ್ಲ, ಅಲ್ವಾ?

ಆ ಒಂದೇ ವ್ಯತ್ಯಾಸ ಉಳಿಯುವಂತೆ ಮಾಡಿ, ಕಣ್ಣಿಗೆ ಕಾಣದಂತೆ ಮುಚ್ಚಿಟ್ಟು, ಕಿವಿಯನ್ನಷ್ಟೇ ಕೇಳುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಒಂದೆರಡು ಸಂಜೆ, ಒಬ್ಬ ತಾಳ್ಮೆಯ ಗೆಳೆಯ, ಸ್ವಲ್ಪ ವೈರು ಬೇಕು.

ಶುರು ಮಾಡುವ ಮುಂಚೆ ಗೊತ್ತಿರಬೇಕಾದದ್ದು

ಎಲ್‌ಪಿಯಲ್ಲಿ ದನಿಯ ಅಲೆ ಗೀರಿನ ಗೋಡೆಯ ಅಂಕುಡೊಂಕಾಗಿ ಕೂತಿರುತ್ತದೆ. ಪಿನ್ನು ಆ ಗೀರಿನಲ್ಲಿ ಅಲ್ಲಾಡಿದಂತೆ ಅದನ್ನು ಹಿಡಿದಿರುವ ಪುಟ್ಟ ಡಬ್ಬಿಯಲ್ಲಿ, ಅಂದರೆ ಕಾರ್ಟ್ರಿಜ್‌ನಲ್ಲಿ, ವಿದ್ಯುತ್ ಹುಟ್ಟುತ್ತದೆ. ಅದು ಎಷ್ಟು ಸಣ್ಣದೆಂದರೆ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಅದಕ್ಕೇ ಪ್ಲೇಟು ತಿರುಗಿಸುವ ಟರ್ನ್‌ಟೇಬಲ್‌ಗೆ ಬೇರೆಯೇ ಫೋನೋ ಪ್ರೀ-ಆಂಪ್ ಬೇಕು. ಅದು ದನಿಯನ್ನು ಬರೀ ದೊಡ್ಡದು ಮಾಡುವುದಿಲ್ಲ. ಎಲ್‌ಪಿ ಕೊರೆಯುವಾಗ ಬೇಸ್ (ಕೆಳಗಿನ ದನಿ) ತಗ್ಗಿಸಿ ಟ್ರೆಬಲ್ (ಮೇಲಿನ ದನಿ) ಏರಿಸಿರುತ್ತಾರೆ. 1954ರ ಹೊತ್ತಿಗೆ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಹೆಸರಿನಲ್ಲಿ ಒಂದೇ ಅಳತೆ ಆಯಿತು. ಪ್ರೀ-ಆಂಪ್ ಅದನ್ನು ಉಲ್ಟಾ ಮಾಡುತ್ತದೆ. ನಿಮ್ಮ ಎಲ್‌ಪಿ ಬೇಸೇ ಇಲ್ಲದೆ ಕೀರಲಾಗಿ ಕೇಳಿಸಿದರೆ ಪ್ರೀ-ಆಂಪ್ ಇಲ್ಲ ಅಂತ ಅರ್ಥ. ಗವ್ ಅಂತ ಮುಚ್ಚಿಕೊಂಡಂತೆ, ಒಡಕಾಗಿ ಕೇಳಿಸಿದರೆ ಪ್ರೀ-ಆಂಪ್ ಎರಡು ಸಲ ಸೇರಿಕೊಂಡಿದೆ. ಟರ್ನ್‌ಟೇಬಲ್ ಒಳಗೊಂದು, ಆಂಪ್ಲಿಫೈಯರ್ ಒಳಗೊಂದು. ಒಂದನ್ನು ಆಫ್ ಮಾಡಿ.

ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿರುತ್ತಾರೆ. ಒಂದೊಂದು ಅಂಕಿಯೂ 16 ಬಿಟ್. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಡಿಜಿಟಲ್ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ದನಿ, ಮಧ್ಯದ್ದೆಲ್ಲ ಕಳೆದುಹೋಗಿರುತ್ತದೆ ಅಂತ. ಹಾಗಿಲ್ಲ. ಅಳೆದ ವೇಗದ ಅರ್ಧದವರೆಗೆ, ಅಂದರೆ 22,050 ಹರ್ಟ್ಸ್‌ವರೆಗೆ ಇರುವ ಅಲೆ ನುಣುಪಾಗಿಯೇ ವಾಪಸ್ ಬರುತ್ತದೆ. ನಮ್ಮ ಕಿವಿ ಎಳೆ ವಯಸ್ಸಿನಲ್ಲಿ ಕೇಳುವುದೇ 20,000 ಹರ್ಟ್ಸ್ ಆಸುಪಾಸು. ವಯಸ್ಸಾದಂತೆ ಅದೂ ಇಳಿಯುತ್ತದೆ.

ಇನ್ನು ಸದ್ದು-ಸಪ್ಪಳದ ಲೆಕ್ಕ. ಸಿಡಿಯಲ್ಲಿ ಅತಿ ಜೋರಿಗೂ ಅತಿ ಮೆಲ್ಲಗಿನ ದನಿಗೂ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ. ಒಳ್ಳೆಯ ಎಲ್‌ಪಿಯಲ್ಲಿ 60ರಿಂದ 70. ಕಾಗದದ ಮೇಲೆ ಇದು ದೊಡ್ಡ ಸೋಲು. ಆದರೆ ಫ್ಯಾನ್ ತಿರುಗುವ ನಮ್ಮ ಹಾಲ್‌ನಲ್ಲೇ 35-40 ಡೆಸಿಬಲ್ ಸದ್ದು ಇರುತ್ತದೆ. ಅದರ ಕೆಳಗಿನದು ಯಾವುದರಲ್ಲಿ ಇದ್ದರೂ ಕೇಳುವುದಿಲ್ಲ. ಹಾಗಾಗಿ ಬರೀ ಅಂಕಿ ತೋರಿಸಿ ವಾದ ಗೆಲ್ಲಲು ಬರುವುದಿಲ್ಲ. ಕೇಳಿಯೇ ನೋಡಬೇಕು.

ಬೇಕಾಗುವ ಸಾಮಾನು

ಸರಿಯಾಗಿ ಓಡುವ ಟರ್ನ್‌ಟೇಬಲ್. ಫೋನೋ ಪ್ರೀ-ಆಂಪ್. ಕನಿಷ್ಠ ಎರಡು ಇನ್‌ಪುಟ್ ಇರುವ ಆಂಪ್ಲಿಫೈಯರ್. ಒಂದೇ ಜೋಡಿ ಸ್ಪೀಕರ್. ಲ್ಯಾಪ್‌ಟಾಪ್. ಎರಡು ಲೈನ್ ಇನ್‌ಪುಟ್, ಎರಡು ಔಟ್‌ಪುಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ದನಿಯನ್ನು ಅಂಕಿ ಮಾಡಿ ಕಂಪ್ಯೂಟರ್‌ಗೆ ಕೊಡುವ, ಅಂಕಿಯನ್ನು ವಾಪಸ್ ದನಿ ಮಾಡುವ ಡಬ್ಬಿ. ಮನೆಯಲ್ಲೇ ಹಾಡಿಕೊಂಡು ರೆಕಾರ್ಡ್ ಮಾಡುವ ಹುಡುಗರ ಹತ್ತಿರ ಇದು ಇದ್ದೇ ಇರುತ್ತದೆ, ಕೇಳಿ ನೋಡಿ. ಒಂದು ದಾರಿಯನ್ನು ಎರಡಾಗಿ ಒಡೆಯುವ ಆರ್‌ಸಿಎ ವೈ-ಕೇಬಲ್ ಒಂದು ಜೊತೆ. ಒಂದು ಮಲ್ಟಿಮೀಟರ್.

ಅಜ್ಜನ ಕಾಲದ ರೇಡಿಯೋಗ್ರಾಂ ಅಥವಾ ಈಗಿನ ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್ ಇಟ್ಟುಕೊಂಡು ಈ ಹೋಲಿಕೆ ಮಾಡಬೇಡಿ. ಅದರ ಪಿನ್ನು ಗೀರಿನ ಮೇಲೆ ಭಾರವಾಗಿ ಕೂರುತ್ತದೆ, ವೇಗವೂ ಅಲ್ಲಾಡುತ್ತದೆ. ಅದರಲ್ಲಿ ಎಲ್‌ಪಿ ಸೋತರೆ ಅದು ಎಲ್‌ಪಿಯ ತಪ್ಪಲ್ಲ.

ಹಂತ 1: ಕೋಣೆ

ಧಾರವಾಡದ ಹಳೇ ಹಂಚಿನ ಮನೆಯಲ್ಲಿ ಕೂತು ಕೇಳುವುದಕ್ಕೂ, ನವನಗರದ ಆರ್‌ಸಿಸಿ ಮನೆಯ ಟೈಲ್ಸ್ ಹಾಲ್‌ನಲ್ಲಿ ಕೇಳುವುದಕ್ಕೂ ಇರುವ ವ್ಯತ್ಯಾಸ ಅನಲಾಗ್-ಡಿಜಿಟಲ್ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು. ಬರಿ ನೆಲ, ಬರಿ ಗೋಡೆ ಇದ್ದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ತಬಲಾದ ಪೆಟ್ಟು ಬಾಲ ಎಳೆದಂತೆ ಕೇಳುತ್ತದೆ. ಮಧ್ಯ ನಿಂತು ಒಂದು ಚಪ್ಪಾಳೆ ತಟ್ಟಿ. ಟಣ್ ಅಂತ ಲೋಹದ ಸದ್ದು ಬಾಲವಾಗಿ ಬಂದರೆ ಕೆಲಸ ಇದೆ.

ದುಬಾರಿ ಫೋಮ್ ಬೇಡ. ನೆಲಕ್ಕೆ ನವಲಗುಂದದ ಜಮಖಾನೆ ಹಾಸಿ. ಸ್ಪೀಕರ್ ಎದುರಿನ ಗೋಡೆಗೆ, ಅಂದರೆ ನಿಮ್ಮ ಬೆನ್ನಿನ ಕಡೆಗೆ, ದಪ್ಪನೆಯ ಎರಡು ಕೌದಿ ತೂಗುಹಾಕಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ತೂಗಿದರೆ ಇನ್ನೂ ಒಳ್ಳೆಯದು. ಬೇಸ್‌ನ ಗವ್ ಇದರಿಂದ ಹೋಗುವುದಿಲ್ಲ, ಮೇಲಿನ ಕರ್ಕಶ ಹೋಗುತ್ತದೆ. ಬೇಸ್ ಜಾಸ್ತಿ ಅನಿಸಿದರೆ ಸ್ಪೀಕರ್ ಮೂಲೆಯಿಂದ ಈಚೆ ತನ್ನಿ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ, ನೀವು ಕೂರುವುದು ಹೆಚ್ಚುಕಡಿಮೆ ಅಷ್ಟೇ ದೂರ.

ಪರೀಕ್ಷೆಯ ಹೊತ್ತಿಗೆ ಫ್ಯಾನ್ ಆಫ್. ಏಪ್ರಿಲ್-ಮೇನಲ್ಲಿ ಇದು ಶಿಕ್ಷೆಯೇ, ಆದ್ದರಿಂದ ರಾತ್ರಿ ಊಟ ಆದ ಮೇಲೆ ಕೂರುವುದು ವಾಸಿ. ಕುಕ್ಕರ್ ಸೀಟಿ, ಟಿವಿ ಧಾರಾವಾಹಿ, ರಸ್ತೆಯ ಹಾರ್ನ್ ಎಲ್ಲ ಅಷ್ಟೊತ್ತಿಗೆ ಇಳಿದಿರುತ್ತವೆ.

ಹಂತ 2: ಟರ್ನ್‌ಟೇಬಲ್ ಸರಿ ಮಾಡುವುದು

ಇಲ್ಲಿ ಅವಸರ ಬೇಡ. ಎಲ್‌ಪಿ ಬಗ್ಗೆ ಜನ ಹೇಳುವ ದೂರುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತವೆ.

ಮೊದಲು ಸಮತಟ್ಟು. ಗೌಂಡಿಗಳು ಬಳಸುವ ರಸಮಟ್ಟ ಇದ್ದರೆ ಪ್ಲ್ಯಾಟರ್ (ಪ್ಲೇಟು ಕೂರುವ, ತಿರುಗುವ ತಟ್ಟೆ) ಮೇಲೆ ಇಟ್ಟು ನೋಡಿ. ಸ್ಪೀಕರ್ ಇಟ್ಟ ಮೇಜಿನ ಮೇಲೆ ಟರ್ನ್‌ಟೇಬಲ್ ಇಡಬೇಡಿ. ಸ್ಪೀಕರ್‌ನ ಅದುರು ಪಿನ್ನಿಗೆ ಹತ್ತಿ ಮತ್ತೆ ಸ್ಪೀಕರ್‌ನಲ್ಲೇ ಬರುತ್ತದೆ. ಗೋಡೆಯ ಕಡಪಾ ಕಲ್ಲಿನ ಹಲಗೆ ಒಳ್ಳೆಯ ಜಾಗ.

ಪಿನ್ನಿನ ಭಾರ ಕಾರ್ಟ್ರಿಜ್ ಕಂಪನಿ ಹೇಳಿದಷ್ಟೇ ಇರಲಿ. ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಕಡಿಮೆ ಇಟ್ಟರೆ ಪ್ಲೇಟು ಉಳಿಯುತ್ತದೆ ಅಂತ ತಿಳಿದವರಿದ್ದಾರೆ. ಉಲ್ಟಾ. ಭಾರ ಕಡಿಮೆಯಾದರೆ ಪಿನ್ನು ಗೀರಿನಲ್ಲಿ ಕುಣಿದು ಗೋಡೆಗೆ ಬಡಿಯುತ್ತದೆ, ಆ ಗಾಯ ಕಾಯಂ.

ತೊಳೆಯುವುದು. ನಮ್ಮ ಕಡೆಯ ಎರಿ ಮಣ್ಣಿನ ಧೂಳು ಬಹಳ ನುಣ್ಣಗಿರುತ್ತದೆ, ಕಿಟಕಿ ಮುಚ್ಚಿದ್ದರೂ ಬರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಗೀರಿನ ಗುಂಟ ಸುತ್ತಲೂ ಒರೆಸಿ, ಅಡ್ಡಡ್ಡ ಒರೆಸಬೇಡಿ. ಲೇಬಲ್ ನೆನೆಯದಿರಲಿ. ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಇನ್ನೊಂದು ಸಲ ಒರೆಸಿ, ನಿಲ್ಲಿಸಿ ಒಣಗಿಸಿ. 78 ಪ್ಲೇಟಿಗೆ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು) ಮಾತ್ರ ಸ್ಪಿರಿಟ್ ಮುಟ್ಟಿಸಲೇಬಾರದು. ಅದು ಅರಗಿನದು, ಕರಗುತ್ತದೆ.

ಗುಂಯ್ ಅನ್ನುವ ಸದ್ದು ಬಂದರೆ ಟರ್ನ್‌ಟೇಬಲ್‌ನ ಅರ್ತ್ ವೈರನ್ನು ಪ್ರೀ-ಆಂಪ್‌ನ ಅರ್ತ್ ಸ್ಕ್ರೂಗೆ ಬಿಗಿ ಮಾಡಿ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಗುಂಯ್ ಶುರುವಾದರೆ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ.

ಕೊನೆಯದು ವೇಗ. ಇದು ನಮ್ಮ ಸಂಗೀತಕ್ಕೆ ಎಲ್ಲಕ್ಕಿಂತ ಮುಖ್ಯ. 50 ಹರ್ಟ್ಸ್ ಕರೆಂಟಿಗೆ ಮಾಡಿದ ಸ್ಟ್ರೋಬ್ ಚಕ್ರ ಪ್ಲ್ಯಾಟರ್ ಮೇಲೆ ಇಟ್ಟರೆ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಅದರ 180 ಗೆರೆಗಳು ನಿಂತಂತೆ ಕಾಣಬೇಕು. ಹಳೇ ಚೋಕ್ ಟ್ಯೂಬ್‌ಲೈಟ್ ಕೆಳಗೆ ನೋಡಿ. ಒಳ್ಳೆಯ ಎಲ್‌ಇಡಿ ಬಲ್ಬ್ ಮಿಣುಕುವುದಿಲ್ಲ, ಅದರಲ್ಲಿ ಗೊತ್ತಾಗುವುದಿಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಮೇಲಿದ್ದಾಗಲೂ ನೋಡಬೇಡಿ, ಇನ್ವರ್ಟರ್‌ನ 50ನ್ನು ನಂಬಲು ಬರುವುದಿಲ್ಲ.

ಸ್ಟ್ರೋಬ್ ಇಲ್ಲದಿದ್ದರೆ ತಂಬೂರಿ ಆ್ಯಪ್ ಇದೆಯಲ್ಲ! ಅದೇ ರೆಕಾರ್ಡಿಂಗ್‌ನ ಸಿಡಿ ಹಾಕಿ, ಗಾಯಕರ ಷಡ್ಜಕ್ಕೆ ಆ್ಯಪ್ ಹೊಂದಿಸಿ. ಆಮೇಲೆ ಎಲ್‌ಪಿ ಹಾಕಿ, ಆ್ಯಪ್ ಹಾಗೇ ನುಡಿಯಲಿ. ವೇಗ ಸುಮಾರು 6 ಪ್ರತಿಶತ ಹೆಚ್ಚಿದ್ದರೆ ಪೇಟಿಯ (ಹಾರ್ಮೋನಿಯಂ) ಒಂದು ಮನೆ ಪೂರ್ತಿ ಮೇಲೆ ಹೋಗುತ್ತದೆ, ಬಿಳಿ ಒಂದರ ಹಾಡು ಕರಿ ಒಂದಕ್ಕೆ ಏರುತ್ತದೆ. 3 ಪ್ರತಿಶತ ಇದ್ದರೆ ಎರಡರ ನಡುವೆ ನಿಲ್ಲುತ್ತದೆ, ಆಗ ತಂಬೂರಿಯೊಂದಿಗೆ ಅಸಹ್ಯವಾಗಿ ಕಚ್ಚಾಡುತ್ತದೆ. ಸಿಡಿಯೂ ತಪ್ಪು ವೇಗದ ಟೇಪಿನಿಂದ ಬಂದಿರಬಹುದು. ಸಾಧ್ಯವಾದರೆ ಸ್ಟ್ರೋಬನ್ನೇ ನಂಬಿ.

ವೇಗ ಸರಿ ಇದ್ದೂ ಷಡ್ಜ ತೇಲಾಡಿದರೆ ಪ್ಲೇಟಿನ ಮಧ್ಯದ ತೂತು ಸರಿದಿದೆ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಆ ಲಯಕ್ಕೇ ಸ್ವರ ಮೇಲೆ-ಕೆಳಗೆ ಆಗುತ್ತದೆ. ತೂತು ಅರ್ಧ ಮಿಲಿಮೀಟರ್ ಸರಿದರೂ ಸಾಕು, ಲೇಬಲ್ ಹತ್ತಿರದ ಗೀರುಗಳಲ್ಲಿ ಸ್ವರ ಆ ಕಡೆ ಈ ಕಡೆ ಅರ್ಧಸ್ವರದ ಏಳನೇ ಒಂದು ಭಾಗದಷ್ಟು ಜಾರುತ್ತದೆ. ಸಿನಿಮಾ ಹಾಡಿನಲ್ಲಿ ಯಾರೂ ಗಮನಿಸುವುದಿಲ್ಲ. ಹಿಂದೂಸ್ತಾನಿ ಗಾಯನದ ಖಯಾಲ್‌ನ ಹಿಂದೆ ನಿಂತ ತಂಬೂರಿಯಲ್ಲಿ ಥಟ್ಟನೆ ಸಿಕ್ಕಿಬೀಳುತ್ತದೆ.

ಹಂತ 3: ರೆಕಾರ್ಡಿಂಗ್ ಆರಿಸುವುದು

ಒಬ್ಬರೇ ಗಾಯಕರು, ಒಂದೇ ರಾಗ, ಒಂದೇ ಬಂದಿಶ್ (ಹಾಡಿನ ರಚನೆ) ಇದ್ದರೂ ಅದೇ ರೆಕಾರ್ಡಿಂಗ್ ಅಂತ ಹೇಳಲು ಬರುವುದಿಲ್ಲ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರೆಲ್ಲ ಒಂದೇ ರಾಗವನ್ನು ಕಂಪನಿಗೆ, ಆಕಾಶವಾಣಿಗೆ, ಕಛೇರಿಗಳಲ್ಲಿ ಮತ್ತೆ ಮತ್ತೆ ಹಾಡಿದವರು. ಎಲ್‌ಪಿಯ ಒಂದು ಸೈಡ್ ಸುಮಾರು 20-25 ನಿಮಿಷ. ಆ್ಯಪ್‌ನಲ್ಲಿ ಅದೇ ರಾಗ 48 ನಿಮಿಷ ಇದ್ದರೆ ಅದು ಬೇರೆ. ಮೊದಲ ಆಲಾಪದ ಉಸಿರು ಎಲ್ಲಿ ತೆಗೆದರು, ತಬಲಾ ಎಲ್ಲಿ ಎತ್ತಿತು ಅಂತ ಹೊಂದಿಸಿ ನೋಡಿ.

ರೆಕಾರ್ಡಿಂಗ್ ಒಂದೇ ಆದರೂ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚೆ ದನಿಯನ್ನು ಕೊನೆಯದಾಗಿ ತಿದ್ದುವ ಕೆಲಸ, ಬೇರೆ ಇರಬಹುದು. ಕೆಲವು ಸಿಡಿಗಳಲ್ಲಿ, ಆ್ಯಪ್ ಪ್ರತಿಗಳಲ್ಲಿ ಹಿಸ್ (ಟೇಪಿನ ಸುಯ್ ಸದ್ದು) ಕಳೆಯಲು ಹೋಗಿ ತಂಬೂರಿಯ ಝೇಂಕಾರವನ್ನೂ ಒರೆಸಿಬಿಟ್ಟಿರುತ್ತಾರೆ. "ಡಿಜಿಟಲ್ ಒಣ ಒಣ" ಅನ್ನುವ ದೂರಿನ ಮೂಲ ಎಷ್ಟೋ ಸಲ ಇದು. ಅದು ಡಿಜಿಟಲ್ ತಪ್ಪಲ್ಲ, ಮಾಸ್ಟರಿಂಗ್ ಕುರ್ಚಿಯಲ್ಲಿ ಕೂತವರ ತಪ್ಪು.

ಉಲ್ಟಾ ಕಥೆಯೂ ಇದೆ. ಎಲ್‌ಪಿ ಅಂದ ಮಾತ್ರಕ್ಕೆ ಒಳಗೆಲ್ಲ ಅನಲಾಗ್ ಅಂತಿಲ್ಲ. ಜಪಾನಿನ ಡೆನನ್ 1970ರ ದಶಕದ ಶುರುವಿನಲ್ಲೇ ಡಿಜಿಟಲ್‌ನಲ್ಲಿ ರೆಕಾರ್ಡ್ ಮಾಡಿ ಎಲ್‌ಪಿಯಾಗಿ ಮಾರಿತ್ತು. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಅನ್ನುವ ದುಬಾರಿ ಎಲ್‌ಪಿ ಕಂಪನಿ, ತನ್ನ ಅನೇಕ ಪ್ಲೇಟುಗಳಲ್ಲಿ ಮಧ್ಯೆ ಡಿಜಿಟಲ್ ಹಂತ ಇತ್ತು ಅಂತ ಒಪ್ಪಿಕೊಳ್ಳಬೇಕಾಯಿತು. ಅಲ್ಲಿಯ ತನಕ ಅದೇ ಪ್ಲೇಟು ಕೇಳಿ "ಶುದ್ಧ ಅನಲಾಗ್ ದನಿ" ಅಂತ ಹೊಗಳಿದವರು ಸಾಕಷ್ಟು ಜನ. ನನಗೆ ಅವರ ಮೇಲೆ ನಗು ಬರುವುದಿಲ್ಲ. ದನಿ ಚೆನ್ನಾಗಿತ್ತು, ಹೊಗಳಿದರು. ಕಾರಣ ಮಾತ್ರ ತಪ್ಪು ಹಿಡಿದಿದ್ದರು.

78ರ ಪ್ಲೇಟುಗಳನ್ನು ಈ ಪರೀಕ್ಷೆಗೆ ತರಬೇಡಿ. ಒಂದು ಸೈಡಿಗೆ ಮೂರು-ಮೂರೂವರೆ ನಿಮಿಷ, ಅದಕ್ಕೆ ದಪ್ಪ ಪಿನ್ನು ಬೇರೆ ಬೇಕು. ಎಲ್ಲವೂ ಕರಾರುವಾಕ್ಕಾಗಿ 78ಕ್ಕೇ ರೆಕಾರ್ಡ್ ಆದವಲ್ಲ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ 'ಗಾಂಧಾರಿ' ಹೆಸರಿನಲ್ಲಿ ಕೊಟ್ಟ ಪ್ಲೇಟುಗಳ ಎಳೆಯ ದನಿಗೂ, ಆಮೇಲಿನ ಆ ಗಂಭೀರ ದನಿಗೂ ಅಜಗಜಾಂತರ. ಅಂಥ ಪ್ಲೇಟಿನ ವೇಗ ಸ್ವಲ್ಪ ತಪ್ಪಿಸಿದರೂ ದನಿಯ ಬಗ್ಗೆಯೇ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಹಂತ 4: ಒಂದೇ ಪ್ಲೇಟು, ಎರಡು ದಾರಿ

ಈ ಮಾರ್ಗದರ್ಶಿಯ ಗಂಟು ಇಲ್ಲಿದೆ. ಎಲ್‌ಪಿಯನ್ನು ಸಿಡಿಯೊಂದಿಗೆ ಹೋಲಿಸಿದರೆ ಮಾಸ್ಟರಿಂಗ್ ಅಡ್ಡ ಬರುತ್ತದೆ. ಅದಕ್ಕೇ ಎಲ್‌ಪಿಯನ್ನು ಅದೇ ಎಲ್‌ಪಿಯೊಂದಿಗೆ ಹೋಲಿಸಬೇಕು. ಒಂದು ದಾರಿ ನೇರ, ಇನ್ನೊಂದು ಡಿಜಿಟಲ್ ಮೂಲಕ.

ಪ್ರೀ-ಆಂಪ್‌ನಿಂದ ಬರುವ ಎಡ-ಬಲ ಎರಡನ್ನೂ ವೈ-ಕೇಬಲ್‌ನಿಂದ ಎರಡಾಗಿ ಒಡೆಯಿರಿ. ಒಂದು ಜೋಡಿ ಸೀದಾ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್‌ಗೆ. ಇನ್ನೊಂದು ಜೋಡಿ ಯುಎಸ್‌ಬಿ ಇಂಟರ್‌ಫೇಸ್‌ನ ಇನ್‌ಪುಟ್‌ಗೆ. ಇಂಟರ್‌ಫೇಸ್ ಅದನ್ನು ಅಂಕಿ ಮಾಡಿ ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ, ಲ್ಯಾಪ್‌ಟಾಪ್ ವಾಪಸ್ ಕೊಡುತ್ತದೆ, ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದು ಆಂಪ್ಲಿಫೈಯರ್‌ನ ಸಿಡಿ ಇನ್‌ಪುಟ್‌ಗೆ ಬರುತ್ತದೆ. ಈಗ ಆಂಪ್‌ನಲ್ಲಿ ಇನ್‌ಪುಟ್ ಆರಿಸುವ ಗುಬುಟ ತಿರುಗಿಸಿದರೆ ಆಕ್ಸ್‌ನಲ್ಲಿ ಅನಲಾಗ್, ಸಿಡಿಯಲ್ಲಿ ಅದೇ ಕ್ಷಣದ ಡಿಜಿಟಲ್. ಪಿನ್ನು ಒಂದೇ, ಧೂಳು ಒಂದೇ, ಟಕ್-ಟಕ್ ಕೂಡ ಒಂದೇ.

ಇಂಟರ್‌ಫೇಸ್ ಮೇಲೆ 'ಡೈರೆಕ್ಟ್ ಮಾನಿಟರ್' ಅಂತ ಒಂದು ಬಟನ್ ಇರುತ್ತದೆ. ಅದು ಕಡ್ಡಾಯವಾಗಿ ಆಫ್ ಇರಬೇಕು. ಆನ್ ಇದ್ದರೆ ದನಿ ಕಂಪ್ಯೂಟರ್ ಒಳಗೆ ಹೋಗದೆ ಪಕ್ಕದಿಂದಲೇ ದಾಟುತ್ತದೆ. ನೀವು ರಾತ್ರಿಯಿಡೀ ಅನಲಾಗನ್ನು ಅನಲಾಗ್ ಜೊತೆ ಹೋಲಿಸುತ್ತಾ ಕೂರುತ್ತೀರಿ. ಖಾತ್ರಿ ಮಾಡಿಕೊಳ್ಳಲು ಲ್ಯಾಪ್‌ಟಾಪ್‌ನಲ್ಲಿ ದನಿ ಮ್ಯೂಟ್ ಮಾಡಿ ನೋಡಿ. ಸಿಡಿ ಇನ್‌ಪುಟ್ ಪೂರ್ತಿ ಮೌನವಾದರೆ ಸರಿ.

ಸಾಫ್ಟ್‌ವೇರ್‌ಗೆ ಆಡಾಸಿಟಿ ಸಾಕು, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಒಳಬರುವ ದನಿಯನ್ನು ಆಗಲೇ ಹೊರಗೆ ಕೇಳಿಸುವ ಆಯ್ಕೆ (ಸಾಫ್ಟ್‌ವೇರ್ ಪ್ಲೇಥ್ರೂ; ಆವೃತ್ತಿಗೆ ತಕ್ಕಂತೆ ಹೆಸರು ಬೇರೆ ಇರಬಹುದು) ಆನ್ ಮಾಡಿ ರೆಕಾರ್ಡ್ ಒತ್ತಿ. ಮೊದಲು 44,100 ಹರ್ಟ್ಸ್, 16 ಬಿಟ್‌ನಲ್ಲೇ ಮಾಡಿ, ಅಂದರೆ ಮಾಮೂಲಿ ಸಿಡಿ ಗುಣಮಟ್ಟ. ಹಾಡಿನ ಅತಿ ಜೋರಿನ ಜಾಗದಲ್ಲಿ ಮೀಟರ್ ಮೈನಸ್ 6 ಡೆಸಿಬಲ್ ಆಸುಪಾಸು ಇರಲಿ. ಮೇಲೆ ಬಡಿದರೆ ದನಿ ಒಡೆಯುತ್ತದೆ.

ಡಿಜಿಟಲ್ ದಾರಿ ಸ್ವಲ್ಪ ತಡವಾಗಿ ಬರುತ್ತದೆ, ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ಆಗಬಹುದು. ಗುಬುಟ ತಿರುಗಿಸಿದಾಗ ತಬಲಾ ಎಡವಿದಂತೆ ಕೇಳಿಸಿದರೆ ಉತ್ತರ ಬಯಲಾಗುತ್ತದೆ. ಅದಕ್ಕೆ ಪರಿಹಾರ: ತಿರುಗಿಸುವ ಮುಂಚೆ ಪ್ರತಿ ಸಲವೂ ಎರಡು ಸೆಕೆಂಡ್ ಮ್ಯೂಟ್.

ಇಂಟರ್‌ಫೇಸ್ ಎಲ್ಲೂ ಸಿಗಲಿಲ್ಲವೆಂದರೆ ಲೈನ್-ಇನ್ ಇರುವ ಕಂಪ್ಯೂಟರ್‌ನಲ್ಲಿ ಸೈಡ್ ರೆಕಾರ್ಡ್ ಮಾಡಿ, ಆ ಫೈಲ್ ಒಂದು ಕಡೆ, ಪ್ಲೇಟು ಒಂದು ಕಡೆ ಜೊತೆಗೆ ಓಡಿಸಬಹುದು. ಆದರೆ ಒಂದು ನಿಮಿಷದೊಳಗೇ ಎರಡರ ಹೆಜ್ಜೆ ತಪ್ಪುತ್ತದೆ.

ಹಂತ 5: ದನಿ ಸಮ ಮಾಡುವುದು

ಎರಡು ದನಿಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಿದ್ದರೂ ನಮಗೆ ಅದು ಜೋರು ಅಂತ ಅನಿಸುವುದಿಲ್ಲ. ಚೆಂದ, ತುಂಬಿದ, ಜೀವಂತ ಅಂತ ಅನಿಸುತ್ತದೆ. ಅಂಗಡಿಯಲ್ಲಿ ದುಬಾರಿ ಸ್ಪೀಕರ್ ಮಾರುವ ಹಳೇ ಉಪಾಯ ಇದೇ. ಕಿವಿಯಿಂದ ಸಮ ಮಾಡಲು ಆಗುವುದಿಲ್ಲ, ಮೀಟರ್ ಬೇಕು. ಫೋನ್‌ನ ಡೆಸಿಬಲ್ ಆ್ಯಪ್ ಅಂದಾಜಿಗೆ ಸರಿ, ಇದಕ್ಕೆ ಸಾಲದು.

ಪ್ರೀ-ಆಂಪ್ ತಂತಿ ಕಳಚಿ, ಆ ವೈ-ಕೇಬಲ್‌ಗೆ ಫೋನ್‌ನ ಹೆಡ್‌ಫೋನ್ ಔಟ್ ಕೊಡಿ. ಟೋನ್ ಜನರೇಟರ್ ಆ್ಯಪ್‌ನಿಂದ 200 ಹರ್ಟ್ಸ್ ಟೋನ್ ಹಚ್ಚಿ. ಪುಸ್ತಕಗಳಲ್ಲಿ 1,000 ಹರ್ಟ್ಸ್ ಅಂತ ಇರುತ್ತದೆ. ಆದರೆ ಕಡಿಮೆ ಬೆಲೆಯ ಮಲ್ಟಿಮೀಟರ್‌ಗಳು ಎಸಿ ವೋಲ್ಟನ್ನು 400 ಹರ್ಟ್ಸ್ ತನಕವೇ ಸರಿಯಾಗಿ ಅಳೆಯುತ್ತವೆ. ಮೀಟರ್‌ನಲ್ಲಿ 2 ವೋಲ್ಟ್ ಎಸಿ ರೇಂಜ್ ಇದೆಯಾ ನೋಡಿ. ಎಲೆಕ್ಟ್ರಿಷಿಯನ್‌ಗಳ ಹಳದಿ ಮೀಟರ್‌ಗಳಲ್ಲಿ 200ರಿಂದಲೇ ಶುರುವಾಗುತ್ತದೆ, ಅದರಲ್ಲಿ ಸಣ್ಣ ವ್ಯತ್ಯಾಸ ಕಾಣುವುದಿಲ್ಲ.

ಮೀಟರ್ ಕಡ್ಡಿಗಳನ್ನು ಒಂದು ಸ್ಪೀಕರ್‌ನ ಎರಡು ಟರ್ಮಿನಲ್‌ಗೆ ಹಿಡಿಯಿರಿ. ಎರಡು ಕಡ್ಡಿ ಒಂದಕ್ಕೊಂದು ತಾಗದಂತೆ ಎಚ್ಚರ, ಶಾರ್ಟ್ ಆದರೆ ಆಂಪ್ ಸುಡಬಹುದು. ಆಕ್ಸ್‌ನಲ್ಲಿ, ಉದಾಹರಣೆಗೆ, 1.000 ವೋಲ್ಟ್ ಬಂದರೆ, ಸಿಡಿ ಇನ್‌ಪುಟ್‌ಗೆ ತಿರುಗಿಸಿ ಇಂಟರ್‌ಫೇಸ್‌ನ ಔಟ್‌ಪುಟ್ ಗುಬುಟದಿಂದ 0.99-1.01 ಒಳಗೆ ತನ್ನಿ. ಒಂದು ಪ್ರತಿಶತ ವ್ಯತ್ಯಾಸ ಅಂದರೆ ಸುಮಾರು 0.1 ಡೆಸಿಬಲ್. ಅಷ್ಟು ಸಾಕು. ಎಡ ಆಯಿತೆಂದರೆ ಬಲವನ್ನೂ ನೋಡಿ. ಆಮೇಲೆ ಆ ಗುಬುಟಗಳಿಗೆ ಟೇಪ್ ಅಂಟಿಸಿಬಿಡಿ, ಯಾರೋ ಮುಟ್ಟಿಯೇ ಮುಟ್ಟುತ್ತಾರೆ.

ಹಂತ 6: ಕಾಣದಂತೆ ಕೇಳುವುದು

ಗೆಳೆಯ ನಿಮ್ಮ ಬೆನ್ನ ಹಿಂದೆ, ಆಂಪ್ಲಿಫೈಯರ್ ಹತ್ತಿರ ಕೂರಲಿ. ನಿಮಗೆ ಅವನ ಮುಖ, ಕೈ ಯಾವುದೂ ಕಾಣಬಾರದು. ಪ್ರತಿ ಸುತ್ತಿಗೂ ಅವನು ನಾಣ್ಯ ಹಾರಿಸಲಿ. ಮುಖ ಬಿದ್ದರೆ ಅನಲಾಗ್, ಅಂಕಿ ಬಿದ್ದರೆ ಡಿಜಿಟಲ್. ಮನಸ್ಸಿಗೆ ಬಂದಂತೆ ಬದಲಿಸಿದರೆ ಅವನಿಗೇ ಗೊತ್ತಿಲ್ಲದ ಒಂದು ಲಯ ಹುಟ್ಟುತ್ತದೆ, ಅದನ್ನು ನೀವು ಹಿಡಿದುಬಿಡುತ್ತೀರಿ. ಬದಲಾವಣೆ ಇಲ್ಲದಿದ್ದಾಗಲೂ ಮ್ಯೂಟ್ ಮಾಡಿ, ಗುಬುಟ ಒಮ್ಮೆ ಆ ಕಡೆ ಈ ಕಡೆ ತಿರುಗಿಸಿ ಟಕ್ ಸದ್ದು ಮಾಡಲಿ. ಅವನು "ಹ್ಞೂಂ" ಅಂತಲೂ ಅನ್ನಬಾರದು.

ಮೊದಲು ಕಣ್ಣು ಬಿಟ್ಟುಕೊಂಡೇ ಎರಡನ್ನೂ ಬೇಕಾದಷ್ಟು ಕೇಳಿ. ಇದು ಹೀಗಿದೆ, ಅದು ಹಾಗಿದೆ ಅಂತ ಬರೆದಿಡಿ. ಆಮೇಲೆ ಹತ್ತು ಸುತ್ತು. ನೀವೂ ಬರೆಯಿರಿ, ಅವನೂ ಬರೆಯಲಿ. ಕೊನೆಗೇ ತಾಳೆ ನೋಡುವುದು.

ಹತ್ತರಲ್ಲಿ ಏಳು ಸರಿ ಬಂದರೆ ಖುಷಿಯಾಗುತ್ತದೆ. ಆದರೆ ಕಿವಿಯೇ ಇಲ್ಲದವನು ಸುಮ್ನೆ ಊಹಿಸಿದರೂ ಏಳು ಅಥವಾ ಹೆಚ್ಚು ಬರುವ ಸಾಧ್ಯತೆ 17 ಪ್ರತಿಶತ. ಎಂಟಾದರೆ ಸುಮಾರು 5.5. ಒಂಬತ್ತು ಬಂದರೆ 1ರ ಹತ್ತಿರ. ಒಂಬತ್ತು ಬಂದರೆ ಮಾತ್ರ "ನನಗೆ ಕೇಳುತ್ತದೆ" ಅನ್ನಿ. ಬಂದರೂ ಮೊದಲು ಗುಂಯ್ ಸದ್ದು, ದನಿಯ ಸಮ, ತಡ ಇವನ್ನು ಇನ್ನೊಮ್ಮೆ ಪರೀಕ್ಷಿಸಿ.

ಏನು ಬರಬಹುದು ಅಂತ ಕುತೂಹಲವೇ? 2007ರಲ್ಲಿ ಅಮೆರಿಕದಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೋರನ್ ಇದಕ್ಕೆ ಹತ್ತಿರದ ಪರೀಕ್ಷೆ ಮಾಡಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಿಡಿಗಿಂತ ನುಣ್ಣಗೆ ಅಳೆದ ಹೈ-ರೆಸಲ್ಯೂಶನ್ ಡಿಸ್ಕಿನ ದನಿಯ ಮಧ್ಯೆ 16 ಬಿಟ್‌ನ ಸಿಡಿ ದಾರಿ ತೂರಿಸಿ ಕೇಳಿಸಿದರು. 554 ಸುತ್ತಿನಲ್ಲಿ ಸರಿ ಉತ್ತರ 276. ನಾಣ್ಯ ಹಾರಿಸಿದರೂ ಇಷ್ಟೇ ಬರುತ್ತದೆ. ನನ್ನ ಅಭಿಪ್ರಾಯವೂ ಇದೇ. ಸಿಡಿ ಗುಣಮಟ್ಟದ ಡಿಜಿಟಲ್ ದಾರಿ ಎಲ್‌ಪಿಯ ಎಲ್ಲ ಗುಣವನ್ನೂ, ಎಲ್ಲ ದೋಷವನ್ನೂ ಹಾಗೇ ದಾಟಿಸುತ್ತದೆ. ಜನ ಮೆಚ್ಚುವ ಎಲ್‌ಪಿಯ ಬಿಸುಪು ಇದೆಯಲ್ಲ, ಅದು ಪ್ಲೇಟು-ಪಿನ್ನು-ಕಾರ್ಟ್ರಿಜ್‌ನಲ್ಲಿ ಹುಟ್ಟುವಂಥದ್ದು. ಅದನ್ನೂ ಡಿಜಿಟಲ್ ಮಾಡಿ ಇಟ್ಟುಕೊಳ್ಳಬಹುದು.

ಹಂತ 7: ಏನನ್ನು ಕೇಳಬೇಕು

ಈಗ ನಿಮ್ಮ ಎಲ್‌ಪಿಗೂ ಸಿಡಿ ಅಥವಾ ಆ್ಯಪ್‌ಗೂ ಹೋಲಿಕೆ ಮಾಡಿ. ಇಲ್ಲಿ ವ್ಯತ್ಯಾಸ ಖಂಡಿತ ಕೇಳುತ್ತದೆ. ಯಾವುದರಿಂದ ಅಂತ ಗುರುತಿಸುವುದು ಕೆಲಸ.

ಮೊದಲು ಮೈಕ್ ಇಲ್ಲದ ತಂಬೂರಿಯನ್ನು ಒಮ್ಮೆ ಹತ್ತಿರದಿಂದ ಕೇಳಿ ಬನ್ನಿ. ನಮ್ಮೂರಲ್ಲಿ ಅದು ಕಷ್ಟವಲ್ಲ, ಸಂಗೀತ ಪಾಠ ಹೇಳುವ ಮನೆ ಓಣಿಗೊಂದು ಇರುತ್ತದೆ. ಗದಗಿಗೆ ಹೋದರೆ ವೀರೇಶ್ವರ ಪುಣ್ಯಾಶ್ರಮವೇ ಇದೆ. ತಂತಿ ಮೀಟಿದ ಮೇಲೆ ಜೀವಾಳಿಯಿಂದ (ತಂತಿಯ ಕೆಳಗಿನ ದಾರ) ಏಳುವ ಆ ಝೇಂಕಾರ ಹೇಗೆ ಬಿಚ್ಚಿಕೊಳ್ಳುತ್ತದೆ, ಹೇಗೆ ಇಳಿಯುತ್ತದೆ ಅಂತ ನೆನಪಿಟ್ಟುಕೊಳ್ಳಿ. ಅದೇ ನಿಮ್ಮ ಅಳತೆಗೋಲು. ಕಡಿಮೆ ಬಿಟ್‌ರೇಟ್‌ನ ಎಂಪಿ3ಯಲ್ಲಿ ಆ ಝೇಂಕಾರ ನೀರಿನೊಳಗೆ ಇದ್ದಂತೆ ಸುಳಿಸುಳಿಯಾಗುತ್ತದೆ. ತಬಲಾದ "ನಾ" ಪೆಟ್ಟಿನ ತುದಿ ಮೊಂಡಾಗುತ್ತದೆ. ಸಿಡಿಯ ದರ ಸೆಕೆಂಡಿಗೆ 1,411 ಕಿಲೋಬಿಟ್. 320ರ ಎಂಪಿ3ಯನ್ನು ಇದರಿಂದ ಬೇರೆ ಮಾಡುವುದು ಕಷ್ಟ. 96ಕ್ಕೆ ಬಂದರೆ ಮಕ್ಕಳೂ ಹೇಳುತ್ತಾರೆ.

ಎಲ್‌ಪಿಯ ದುರ್ಬಲ ಜಾಗ ಬೇರೆ ಕಡೆ ಇದೆ. ಪ್ಲೇಟು ಸುತ್ತುವ ವೇಗ ಒಂದೇ ಆದರೂ, ಹೊರಗಿನ ಗೀರಿನಲ್ಲಿ ಪಿನ್ನಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾಯುತ್ತದೆ. ಲೇಬಲ್ ಹತ್ತಿರ ಬಂದಾಗ 21 ಮಾತ್ರ. ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಟ್ರೆಬಲ್ ಸವೆಯುತ್ತದೆ, ಜೋರಿನ ಜಾಗ ಒಡೆಯುತ್ತದೆ. ಈಗ ಖಯಾಲ್‌ನ ನಡೆ ನೆನಪಿಸಿಕೊಳ್ಳಿ. ವಿಲಂಬಿತ್ (ನಿಧಾನ ಲಯ) ಮೆಲ್ಲಗೆ ಶುರುವಾಗುವುದು ಹೊರಗಿನ ಧಾರಾಳ ಜಾಗದಲ್ಲಿ. ದ್ರುತ್‌ಗೆ (ವೇಗದ ಲಯ) ಏರಿ, ಮೇಲಿನ ಷಡ್ಜಕ್ಕೆ ಎದೆ ತುಂಬಿ ತಾನ್ (ವೇಗದ ಸ್ವರಗಳ ಓಟ) ಹೊಡೆಯುವುದು ಸರಿಯಾಗಿ ಆ ಇಕ್ಕಟ್ಟಿನಲ್ಲಿ! ಭೀಮಸೇನ ಜೋಶಿಯವರಂಥ ಗುಡುಗುವ ತಾನ್ ಅಲ್ಲಿ ಬಂದಾಗ ಸ್ವರದ ಅಂಚಿಗೆ ಒಂದು ಚರಚರ ಹತ್ತುತ್ತದೆ. ಸೈಡ್‌ನ ಮೊದಲ ಮೂರು ನಿಮಿಷ ಮತ್ತು ಕೊನೆಯ ಮೂರು ನಿಮಿಷ ಎರಡನ್ನೂ ಹೋಲಿಸಿ. ಮೊದಲಿನಲ್ಲಿ ಎಲ್‌ಪಿ ಸಮಸಮ ನಿಲ್ಲುತ್ತದೆ, ಕೊನೆಯಲ್ಲಿ ಸಿಡಿ ಮುಂದೆ ಹೋಗುತ್ತದೆ. ಪಿನ್ನು ಸರಿಯಾಗಿ ಕೂರಿಸಿದರೆ ಆ ಅಂತರ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಹಲವರ ಕಿವಿ ಪಳಗಿದ್ದೇ ರೇಡಿಯೋದಿಂದ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಮೀಡಿಯಂ ವೇವ್‌ನಲ್ಲಿ 5,000 ಹರ್ಟ್ಸ್ ಆಚೆಯದು ಹೆಚ್ಚೇನೂ ಬರುವುದಿಲ್ಲ. ಆ ಮುಚ್ಚಿದ ದನಿಯೇ ಎಷ್ಟೋ ಜನಕ್ಕೆ ಹಿತ. ಸಿಡಿಯ ತೆರೆದ ಟ್ರೆಬಲ್ ಚುಚ್ಚಿದಂತೆ ಅನಿಸಿದರೆ ಆಂಪ್‌ನ ಟ್ರೆಬಲ್ ಗುಬುಟ ಎರಡು ಗೆರೆ ಇಳಿಸಿ ಕೇಳಿ. ಅದೇನು ಪಾಪ ಅಲ್ಲ.

ಆ್ಯಪ್‌ನಿಂದ ಕೇಳುವಾಗ ಸೆಟ್ಟಿಂಗ್ಸ್‌ನಲ್ಲಿ ಎರಡು ನೋಡಿ: ಗುಣಮಟ್ಟ ಅತಿ ಹೆಚ್ಚಿಗೆ ಇರಲಿ, ದನಿ ತಾನೇ ಸಮ ಮಾಡುವ ನಾರ್ಮಲೈಸೇಶನ್ ಆಫ್ ಇರಲಿ. ಬ್ಲೂಟೂತ್ ಬದಲು ವೈರ್ ಹಾಕಿ. ಯೂಟ್ಯೂಬ್‌ನಲ್ಲಿ ಯಾರೋ ಏರಿಸಿದ ಎಲ್‌ಪಿ ಪ್ರತಿ ಕೇಳಿ ಡಿಜಿಟಲ್ ಹೀಗೇ ಅನ್ನಬೇಡಿ, ಅದರ ಹಿಂದೆ ಯಾವ ಪಿನ್ನಿತ್ತೋ.

ಕ್ಯಾಸೆಟ್? ಹೋಲಿಕೆಗೆ ಬೇಡ. ಟೇಪಿನ ಹಿಸ್, ಡೆಕ್‌ನ ಹೆಡ್ ವಾರೆ, ಬೆಲ್ಟ್ ಸಡಿಲ, ಎಲ್ಲ ಸೇರಿ ಏನು ಕೇಳುತ್ತಿದ್ದೇವೆ ಅಂತಲೇ ತಿಳಿಯುವುದಿಲ್ಲ.

ಫಲಿತಾಂಶ ಬಂದ ಮೇಲೆ ದುಡ್ಡು ಎಲ್ಲಿ ಹಾಕುವುದು

ಮೊದಲು ಸ್ಪೀಕರ್ ಮತ್ತು ಕೋಣೆಗೆ. ಆಮೇಲೆ ಕಾರ್ಟ್ರಿಜ್‌ಗೆ. ದುಬಾರಿ ಕೇಬಲ್‌ಗೆ ಒಂದು ಪೈಸೆಯೂ ಬೇಡ. ಹೊಸದಾಗಿ ಶುರು ಮಾಡುವವರಿಗೆ, ಮನೆಯಲ್ಲಿ ಎಲ್‌ಪಿಗಳೇ ಇಲ್ಲದವರಿಗೆ, ಟರ್ನ್‌ಟೇಬಲ್ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಒಂದು ಒಳ್ಳೆಯ ಜೋಡಿ ಸ್ಪೀಕರ್ ಮತ್ತು ನಷ್ಟವಿಲ್ಲದ ಫೈಲ್ ಕೊಡುವ ಆ್ಯಪ್ ಸಾಕು. ಆದರೆ ಅಟ್ಟದ ಮೇಲೆ ಅಪ್ಪ-ಅಜ್ಜನ ಪ್ಲೇಟುಗಳಿದ್ದರೆ ಮಾತು ಬೇರೆ. ಅದರಲ್ಲಿ ಕೆಲವು ಸಿಡಿಯಾಗಿಯೂ ಬಂದಿರಲಿಕ್ಕಿಲ್ಲ, ಆ್ಯಪ್‌ನಲ್ಲೂ ಇರಲಿಕ್ಕಿಲ್ಲ.

ಅವನ್ನು ಅಟ್ಟದಿಂದ ಇಳಿಸಿ. ಬೇಸಿಗೆಯ ಹಂಚಿನ ಕೆಳಗೆ ಪ್ಲೇಟು ಡೊಂಕಾಗುತ್ತದೆ, ಮಳೆಗಾಲದಲ್ಲಿ ಕವರ್‌ಗೆ ಬೂಷ್ಟು ಬರುತ್ತದೆ. ಒಂದರ ಮೇಲೊಂದು ಪೇರಿಸದೆ, ಪುಸ್ತಕ ನಿಲ್ಲಿಸಿದಂತೆ ನೆಟ್ಟಗೆ ನಿಲ್ಲಿಸಿ.

ಪರೀಕ್ಷೆಗೆ ಜೋಡಿಸಿದ ವೈರುಗಳನ್ನು ಬಿಚ್ಚುವ ಮುಂಚೆ ಅವನ್ನೆಲ್ಲ ಡಿಜಿಟಲ್ ಮಾಡಿಕೊಂಡುಬಿಡಿ. ಈ ಸಲ 24 ಬಿಟ್, 96,000 ಹರ್ಟ್ಸ್ ಇರಲಿ. ಕೇಳುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ, ಆದರೆ ಮುಂದೆ ಕ್ಲಿಕ್ ತೆಗೆಯಲು, ವೇಗ ತಿದ್ದಲು ಅನುಕೂಲ. ಒಂದು ಸೈಡ್ ಒಂದು ಫೈಲ್, ದನಿ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ. ಹಿಸ್ ತೆಗೆಯುವ ಫಿಲ್ಟರ್ ಮೂಲ ಪ್ರತಿಗೆ ಹಾಕಬೇಡಿ, ಬೇಕಿದ್ದರೆ ನಕಲಿಗೆ ಹಾಕಿ. ಕವರ್‌ನ ಎರಡೂ ಬದಿ, ಲೇಬಲ್ ಫೋಟೋ ತೆಗೆದು ಅದೇ ಫೋಲ್ಡರ್‌ಗೆ ಹಾಕಿ. ತಬಲಾ, ಪೇಟಿ ಯಾರದ್ದು ಅಂತ ಎಷ್ಟೋ ಸಲ ಅಲ್ಲಿ ಮಾತ್ರ ಬರೆದಿರುತ್ತದೆ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮನೆಯವರ ಹತ್ತಿರ.